ಬೆನ್ನು ಮಣ್ಣಿಗೆ ತಾಗಿದ ಮೇಲೆ

ಬೀದರ
೬ ಮಾರ್ಚ್ ೨೦೨೩

ಮಾವನವರಿಗೆ ಜಯಭೀಮ.

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಕುಸ್ತಿಯಲ್ಲಿ ತಿಕ್ಕಿಸಿಕೊಂಡು ಮುದ್ದೆಯಾದ ಆ ಕಿವಿಗಳಿಗೆ ಬಾಯಿ ಹಚ್ಚಿ ಕೂಗಿದರೂ ಅರ್ಧ ಮಾತು ಹೊರಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಠಾಣಾ ಕುಶನೂರಿನ ಮನೆಯಿಂದ ಹೇಳದೆ ಬಂದೆನೆಂದು ಸಿಟ್ಟಾಗಬೇಡಿ. ಇಲ್ಲಿ ಆಸ್ಪತ್ರೆಯ ಹತ್ತಿರವೇ ಒಂದು ಖೋಲಿ ಹಿಡಿದಿದ್ದೇನೆ. ನರ್ಸ್ ಆದವಳು ಎಷ್ಟು ದಿನ ಗೋಡೆ ನೋಡುತ್ತ ಕೂಡಲಿ.

ಭಾಲ್ಕಿ ಬಸ್ ನಿಲ್ದಾಣ ನನ್ನ ಕಣ್ಣ ಮುಂದಿಂದ ಹೋಗುತ್ತಿಲ್ಲ. ಅಂದು ಮೈದಾನದಲ್ಲಿ ಇವರು, ನಿಮ್ಮ ಮಗ, ಆ ಮಾಣಿಕನ ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಿದ್ದರು. ಇಬ್ಬರೂ ನಿಮ್ಮ ಗರಡಿಯಲ್ಲೇ, ನಿಮ್ಮ ಕೈಯಲ್ಲೇ ಬೆಳೆದವರು. ಸೋತ ಮಾಣಿಕ ಅಖಾಡದ ಮಣ್ಣೇ ಸರಿ ಇರಲಿಲ್ಲ ಎಂದು ಕೂಗಾಡಿದ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ನಾವು ನಕ್ಕೆವು. ಸಂಜೆ ಬಸ್ಸಿಗೆ ನಿಂತಾಗ ಅವನು ಟೆಂಪೋದ ಜಾಕಿನ ರಾಡು ಹಿಡಿದು ಬಂದ. ನೀವು ಅವನ ಸೊಂಟಕ್ಕೆ ಕೈ ಹಾಕಿ, ಬೆನ್ನ ಮೇಲೆ ಹೊತ್ತು, ಅಗಸ ಬಟ್ಟೆ ಒಗೆದ ಹಾಗೆ ಡಾಂಬರಿನ ಮೇಲೆ ಒಗೆದಿರಿ. ರಾಡು ಅವನ ಕೈಯಿಂದ ಜಾರಿತು. ನೀವು ಅವನ ಎದೆಯ ಮೇಲಿದ್ದಿರಿ. ನಾನು "ಬಿಡಬ್ಯಾಡ್ರಿ ಮಾವ, ಬಿಡಬ್ಯಾಡ್ರಿ" ಎಂದು ಚೀರಿದೆ. ನೀವು ಬಿಟ್ಟಿರಿ. ಎದ್ದು ನಿಂತು, ಜನರ ಕಡೆ ತಿರುಗಿ ಕೈ ಎತ್ತಿದಿರಿ, ಯಾರೋ ಬೆಳ್ಳಿ ಕಡಗ ತೊಡಿಸಲು ಬರುತ್ತಾರೆ ಎಂಬಂತೆ. ನಿಮ್ಮ ಬೆನ್ನ ಹಿಂದೆ ಅವನ ಕೈಗೆ ಮತ್ತೆ ರಾಡು ಸಿಕ್ಕಿತು. ಇವರ ತಲೆ ಒಡೆದ.

ನನ್ನ ಕೂಗು ಕೇಳಿಸಲಿಲ್ಲ, ಅದು ಕಿವಿಯ ತಪ್ಪು. ಅದನ್ನು ಮನ್ನಿಸಿದ್ದೇನೆ. ಕೈಯ ತಪ್ಪಿಗೆ ನನಗೆ ಉತ್ತರ ಬೇಕು. ಹಿಡಿದವನನ್ನು ಯಾಕೆ ಬಿಟ್ಟಿರಿ?

ವಿಶ್ವಾಸರ ಹೆಂಡತಿ,
ಸಪನಾ

*

ಠಾಣಾ ಕುಶನೂರ
೨೧ ಮಾರ್ಚ್ ೨೦೨೩

ಚಿ. ಸಪನಾಳಿಗೆ ಪಂಢರಿಯ ಆಶೀರ್ವಾದ.

ರೂಢಿಯಂತೆ ನಿನ್ನ ಹೆಸರಿನ ಮುಂದೆ 'ಸೌ.' ಎಂದು ಬರೆದುಬಿಟ್ಟೆ. ಆಮೇಲೆ ನೆನಪಾಗಿ ಆ ಕಾಗದ ಹರಿದೆ. ಇದು ಎರಡನೆಯದು.

ಇಲ್ಲಿ ಎಲ್ಲ ಇದ್ದಂತೆಯೇ ಇದೆ. ತೊಗರಿ ಮನೆಗೆ ಬಂತು. ಗರಡಿಯ ಬಾಗಿಲು ಹಾಕಿದ್ದೇನೆ. ಮಣ್ಣಿಗೆ ನೀರು, ಮಜ್ಜಿಗೆ, ಎಣ್ಣೆ ಹಾಕದೆ ಗಟ್ಟಿಯಾಗಿ ರಸ್ತೆಯ ಹಾಗಾಗಿದೆ. ನಿನ್ನ ಪ್ರಶ್ನೆಗೆ ಬರುತ್ತೇನೆ, ಅದಕ್ಕೂ ಮುಂಚೆ ನಾನು ಎಂಥವನೆಂದು ನಿನಗೆ ಗೊತ್ತಾಗಬೇಕು. ನೀನು ಸೊಸೆಯಾಗಿ ಬರುವಷ್ಟರಲ್ಲಿ ನಾನು ಕುಂಟುವ ಮುದುಕನಾಗಿದ್ದೆ.

ನಾನು ಮನ್ನಳ್ಳಿಯಲ್ಲಿ ಜೋಳದ ಚೀಲ ಹೊರುತ್ತಿದ್ದಾಗ ಬೀದರದ ಕುಸ್ತಿ ಗುರು ಗುಲಶನ ವಸ್ತಾದರ ಕಣ್ಣಿಗೆ ಬಿದ್ದೆ. "ಈ ಪೋರನ ಕುತ್ತಿಗಿ ನೋಡ್ರಿ, ಎತ್ತಿಂದಕಿಂತ ದಪ್ಪ ಅದ" ಎಂದು ಹಳೆಪೇಟೆಯ ತಮ್ಮ ತಾಲೀಮಿಗೆ ಕರೆದೊಯ್ದರು. ಚಹಾದ ಅಂಗಡಿಯಲ್ಲಿ ನಮ್ಮವರಿಗೆ ಬೇರೆ ಕಪ್ಪು ಇದ್ದ ಕಾಲ ಅದು. ನನ್ನನ್ನು ಮುಟ್ಟದವರ ಕತ್ತನ್ನು ನಾನು ಅಖಾಡದಲ್ಲಿ ಎರಡೂ ಕೈಯಿಂದ ಹಿಡಿಯಬಹುದಿತ್ತು. ಅದರ ರುಚಿ ನಿನಗೆ ಹೇಗೆ ಹೇಳಲಿ. ಉದಗೀರ, ಲಾತೂರ, ಸೊಲ್ಲಾಪುರ, ಹೈದರಾಬಾದ, ಎಲ್ಲಿ ಮೈದಾನ ಇದೆಯೋ ಅಲ್ಲಿ ಪಂಢರಿ. ಕುಸ್ತಿಯೇ ನನ್ನ ಹೊಲ, ಅದೇ ನನ್ನ ನೌಕರಿ. ಉದಗೀರದಲ್ಲಿ ಒಬ್ಬನ ಮೊಣಕೈ ನನ್ನ ಕೈಯಲ್ಲೇ ಲಟಕ್ಕೆಂದಿತು. ಲಾತೂರದವನು ನನ್ನ ಮುಂದಿನ ಹಲ್ಲು ಉದುರಿಸಿದ. ನಾನು ರಕ್ತ ನುಂಗಿ ಅವನನ್ನು ಎತ್ತಿ ಬಡಿದೆ. ಸೊಲ್ಲಾಪುರದಲ್ಲಿ ಮೊಣಕಾಲು ತಿರುಚಿ ಹೋದ ದಿನ ಲಂಗೋಟ ಕಳಚಿ ಗೂಟಕ್ಕೆ ಹಾಕಿದೆ. ಆಮೇಲೆ ಗರಡಿ, ವಿಶ್ವಾಸ, ಮಾಣಿಕ.

ಕೈ ನೋಯುತ್ತಿದೆ. ಉಳಿದದ್ದು ಮತ್ತೆ ಬರೆಯುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಪಂಢರಿ

*

ಬೀದರ
೨ ಏಪ್ರಿಲ್ ೨೦೨೩

ಮಾವನವರಿಗೆ,

ನಿಮ್ಮ ಪರಾಕ್ರಮವೆಲ್ಲ ಓದಿದೆ. ನಾನು ಕೇಳಿದ್ದು ಅದಲ್ಲ.

ನೀವು ಬರೆಯುವುದಿಲ್ಲವಾದರೆ ನಾನೇ ಬರೆಯುತ್ತೇನೆ. ಭಾಲ್ಕಿಯಿಂದ ಬೀದರಕ್ಕೆ ಬರುವಾಗ ಆಂಬುಲೆನ್ಸಿನಲ್ಲಿ ಇವರ ತಲೆ ನನ್ನ ತೊಡೆಯ ಮೇಲಿತ್ತು. ಒಡೆದ ತಲೆ ನನಗೆ ಹೊಸದಲ್ಲ, ತುರ್ತು ವಾರ್ಡಿನಲ್ಲಿ ದಿನಾ ಬರುತ್ತವೆ. ಎಲ್ಲಿ ಒತ್ತಿ ಹಿಡಿಯಬೇಕೋ ಅಲ್ಲಿ ಒತ್ತಿ ಹಿಡಿದೆ. ಬೆರಳ ಕೆಳಗೆ ಎಲುಬು ಅಲುಗುತ್ತಿತ್ತು. ಮುಖ ನೀಲಿಯಾಗುತ್ತ ಬಂತು. ಬಲಗಾಲು ಮಾತ್ರ ಎತ್ತು ನೆಲ ಕೆದರಿದ ಹಾಗೆ ಸ್ಟ್ರೆಚರನ್ನು ಕೆದರುತ್ತಿತ್ತು. ಹಲಬರ್ಗಾ ದಾಟುವಾಗ ಆ ಕಾಲು ನಿಂತಿತು. ಅದು ಕೊಂದವನ ಊರು.

ನೀವು ಯಾಕೆ ಬಿಟ್ಟಿರೆಂದು ನನಗೆ ಗೊತ್ತಾಗಿದೆ. ಊಟಕ್ಕೆ ಕೂತಾಗಲೆಲ್ಲ "ಮಾಣಿಕನ ಹಿಡಿತ ನೋಡ, ಕಬ್ಬಿಣ. ನಿಂದು ಕಣಕದ ಮುದ್ದಿ" ಎಂದು ಇವರನ್ನು ಹಂಗಿಸುತ್ತಿದ್ದವರು ನೀವು. ತಪ್ಪಿದರೆ ಮಗನ ಬೆರಳಿಗೆ ಬೆತ್ತ, ಅದೇ ತಪ್ಪಿಗೆ ಮಾಣಿಕನ ಬೆನ್ನು ಚಪ್ಪರಿಕೆ. ಮದುವೆಯಾದ ಹೊಸದರಲ್ಲಿ ಇವರ ಬೆರಳ ಗೆಣ್ಣುಗಳ ಮೇಲಿನ ಗಂಟು ಮುಟ್ಟಿ ಏನೆಂದು ಕೇಳಿದ್ದೆ. "ಅಪ್ಪನ ಆಶೀರ್ವಾದ" ಎಂದು ನಕ್ಕಿದ್ದರು. ನಿಮ್ಮ ಮುದ್ದಿನ ಶಿಷ್ಯ ಅಡಿಯಲ್ಲಿ ಬಿದ್ದಿದ್ದ, ನಿಮ್ಮ ಕರುಳು ಚುರ್ರೆಂದಿತು. ಮಗನಿಗಾಗಿ ಚುರ್ರೆನ್ನಲಿಲ್ಲ.

ಸಪನಾ

*

ಠಾಣಾ ಕುಶನೂರ
೧೮ ಜೂನ್ ೨೦೨೩

ಚಿ. ಸಪನಾಳಿಗೆ ಆಶೀರ್ವಾದ.

ನಿನ್ನ ಪತ್ರ ಬಂದ ಮೇಲೆ ಬಹಳ ದಿನ ಪೆನ್ನು ಹಿಡಿಯಲಿಲ್ಲ. ಸಿಟ್ಟಿನಿಂದಲ್ಲ. ಉತ್ತರ ಇದೆ, ನೀನು ನಂಬುವುದಿಲ್ಲ ಎಂಬ ಭಯ.

ಒಬ್ಬನ ಎರಡೂ ಭುಜ ಮಣ್ಣಿಗೆ ತಾಗಿದವೋ, ಆ ಕ್ಷಣ ಕೈ ಬಿಡಬೇಕು. ಎಲ್ಲ ಪೈಲ್ವಾನರಿಗೂ ಇದೇ ನಿಯಮ, ಆದರೆ ಎಲ್ಲರಿಗೂ ಒಂದೇ ಏಟಲ್ಲ. ಗುಲಶನ ವಸ್ತಾದರು ನಾನು ಕುಸ್ತಿ ಆಡುವಾಗ ಬೆತ್ತ ಹಿಡಿದು ಪಕ್ಕದಲ್ಲೇ ಕೂರುತ್ತಿದ್ದರು. ಎದುರಿನವನ ಬೆನ್ನು ತಾಗಿದ ಮೇಲೆ ನನ್ನ ಕೈ ಒಂದು ಉಸಿರು ತಡ ಮಾಡಿದರೆ ಗೆಣ್ಣಿನ ಮೇಲೆ ಬೀಳುತ್ತಿತ್ತು. ಚರ್ಮ ಸುಲಿಯುತ್ತಿತ್ತು, ಉಗುರು ಕಪ್ಪಾಗಿ ಉದುರುತ್ತಿದ್ದವು. ಒಮ್ಮೆ ಅತ್ತು, ನನಗಷ್ಟೇ ಯಾಕೆ ಎಂದು ಕೇಳಿದೆ. ಅವರು ಹೇಳಿದ್ದು ಇದು: "ಬ್ಯಾರೆಯವ್ರು ತುಸು ಹೆಚ್ಗಿ ಹಿಡದ್ರ ಜನ ಜೋಶ್ ಅಂತಾರ. ನೀ ಹಿಡದ್ರ ನಿಮ್ಮ ಕೇರಿಗಿ ಬೆಂಕಿ ಹಚ್ತಾರ. ಬೆನ್ನು ಮಣ್ಣಿಗಿ ಬಿತ್ತಂದ್ರ ಹಗೀನೂ ಮಣ್ಣಿಗಿ ಬಿತ್ತು. ಬಿಡು ಬೇಟಾ." ಹೀಗೆ ಏಟು ತಿನ್ನುತ್ತ ತಿನ್ನುತ್ತ ನನ್ನ ಕೈ ನನ್ನನ್ನು ಕೇಳುವುದನ್ನೇ ಬಿಟ್ಟಿತು. ಬೆನ್ನು ತಾಗಿದರೆ ತಾನೇ ತೆರೆದುಕೊಳ್ಳುತ್ತದೆ.

ಅದೇ ಬೆತ್ತ ವಿಶ್ವಾಸನ ಮೇಲೆ ಹಿಡಿದೆ. ಮಾಣಿಕನಿಗೆ ಹೊಡೆಯಲಿಲ್ಲ, ನಿಜ. ಅವನು ದೊಡ್ಡ ಮನೆಯ ಹುಡುಗ. ಅವನು ಹೆಚ್ಚು ಹೊತ್ತು ಹಿಡಿದರೆ ಯಾರ ಕೇರಿ ಸುಡುತ್ತಾರೆ? ನೀನು ಅದನ್ನು ಪ್ರೀತಿ ಎಂದು ಓದಿದೆ.

ಭಾಲ್ಕಿಯಲ್ಲಿ ಮಾಣಿಕನ ಬೆನ್ನು ನೆಲಕ್ಕೆ ತಾಗಿತು, ನನ್ನ ಕೈ ತೆರೆಯಿತು. ಇದೇ ಉತ್ತರ. ಒಂದು ಮಾತು ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ವಿಶ್ವಾಸ ದೂರದಲ್ಲಿ, ಕಟ್ಟೆಯ ಹತ್ತಿರ ನಮ್ಮ ಚೀಲ ಹಿಡಿದು ನಿಂತಿದ್ದ. ನಾನು ತಿರುಗಿದಾಗ ಮಾಣಿಕನ ಮಗ್ಗುಲಲ್ಲೇ ಬಿದ್ದಿದ್ದ. ಅಲ್ಲಿಗೆ ಹೇಗೆ ಬಂದ? ನೀನು ನೋಡಿದ್ದೀಯ, ಬರೆ.

ಮಾಣಿಕನಿಗೆ ಜಾಮೀನು ಸಿಕ್ಕಿತು ಎಂದು ನಿನಗೂ ತಿಳಿದಿರಬೇಕು. ನಾನು ಮೈ ಹಗುರಾಗಲಿ ಎಂದು ಮತ್ತೆ ದಂಡ, ಬೈಠಕ್ ಸುರು ಮಾಡಿದ್ದೇನೆ. ಗರಡಿಯ ಮಣ್ಣನ್ನೂ ಅಗೆದು ಹದ ಮಾಡಿದೆ.

ಪಂಢರಿ

*

ಬೀದರ
೯ ಜುಲೈ ೨೦೨೩

ಮಾವನವರಿಗೆ,

ನಿನ್ನೆ ಅವನನ್ನು ನೋಡಿದೆ. ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಗೆ ಗೆಳೆಯರ ಜೊತೆ ಬಂದಿದ್ದ. ಮೈ ತುಂಬಿಕೊಂಡಿದೆ. ನನ್ನನ್ನು ನೋಡಿ ಎದ್ದು ನಿಂತು, ಏನೂ ಆಗದವನ ಹಾಗೆ "ವೈನೀ, ಹ್ಯಾಂಗದೀರಿ? ವಸ್ತಾದರು ಆರಾಮ ಅದಾರಲ್ಲರಿ?" ಎಂದ. ಕೈಯಲ್ಲಿದ್ದ ಬಿಸಿ ಚಹಾವನ್ನು ಅವನ ಮುಖಕ್ಕೆ ಎರಚಿದೆ. ಗ್ಲಾಸನ್ನೂ ಎಸೆದೆ, ಹುಬ್ಬಿನ ಮೇಲೆ ಒಡೆಯಿತು. ಅವನು ರಕ್ತ ಒರೆಸಿಕೊಂಡು ಗೆಳೆಯರ ಕಡೆ ತಿರುಗಿ, "ಇರ್ಲಿ ಬಿಡ್ರಿ, ಕುಸ್ತಿ ಅಂದಮ್ಯಾಲ ಹಿಂಗೆಲ್ಲ ಆಗ್ತದ" ಎಂದು ನಕ್ಕ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಅಂಥ ಮೀಸೆ ಅದು. ಒಂದೊಂದೇ ಕೂದಲು ಕೀಳಬೇಕು ಅನ್ನಿಸಿತು.

ಬೆತ್ತದ ಕಥೆ ನಾನು ನಂಬಲಿಲ್ಲ. ಕೈ ತಾನೇ ತೆರೆಯಿತಂತೆ. ಆ ಕೈ ನಿಮ್ಮ ತೋಳಿಗೇ ಅಂಟಿದೆಯಲ್ಲ? ಮಗ ಮಣ್ಣಾದ, ನಿಮಗೆ ಮೈ ಹಗುರ ಮಾಡಿಕೊಳ್ಳುವ ಚಿಂತೆ.

ನನಗೆ ಅವನು ಸಾಯಬೇಕು. ಕೋರ್ಟಿನ ತಾರೀಖುಗಳ ಮೇಲೆ ನನಗೆ ನಂಬಿಕೆ ಇಲ್ಲ. ಯಾರಾದರೂ ಕೈಯಿಂದ, ನಿಧಾನವಾಗಿ ಮಾಡಬೇಕು. ಗಂಡಸಿನ ಕೈ ಇದ್ದವರು.

ಸಪನಾ

*

ಠಾಣಾ ಕುಶನೂರ
೧೨ ನವೆಂಬರ್ ೨೦೨೩

ಚಿ. ಸಪನಾಳಿಗೆ,

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಇರಲಿ, ಮತ್ತೆ ಕೇಳುವುದಿಲ್ಲ.

ಜನವರಿ ೨೧ಕ್ಕೆ ಔರಾದಿನಲ್ಲಿ ಮೈದಾನ ಇದೆ. ಮಾಣಿಕನ ಹೆಸರು ಪಟ್ಟಿಯಲ್ಲಿದೆ. ದೊಡ್ಡ ಕುಸ್ತಿ ಮುಗಿದ ಮೇಲೆ ಹಳೆಯ ಪೈಲ್ವಾನರನ್ನು ಕರೆದು ಪೇಟ ಸುತ್ತಿ, ಯಾವುದಾದರೂ ಶಿಷ್ಯನ ಜೊತೆ ಎರಡು ಪಟ್ಟು ತೋರಿಸಿ ಎಂದು ಕೇಳುವ ಪದ್ಧತಿ ಉಂಟು. ಜನ ನಗುತ್ತಾರೆ, ಸೀಟಿ ಹೊಡೆಯುತ್ತಾರೆ. ಶಿಷ್ಯ ಮೆತ್ತಗೆ ಆಡುತ್ತಾನೆ. ವಸ್ತಾದ ಕೈ ಚಾಚಿದರೆ ಶಿಷ್ಯನಾದವನು ಒಲ್ಲೆ ಎನ್ನುವಂತಿಲ್ಲ.

ಉದಗೀರದಲ್ಲಿ ನನ್ನ ಕಣ್ಣೆದುರೇ ಒಬ್ಬ ಪೈಲ್ವಾನ ಅಖಾಡದಲ್ಲಿ ಕುತ್ತಿಗೆ ಮುರಿದು ಸತ್ತ. ಪೊಲೀಸರು ಬಂದರು, ಚಹಾ ಕುಡಿದರು, ಹೋದರು. ಅಖಾಡದಲ್ಲಿ ಆದದ್ದನ್ನು ಯಾರೂ ಕೊಲೆ ಎನ್ನುವುದಿಲ್ಲ.

ನೀನು ನರ್ಸ್, ನಿನಗೆ ಗೊತ್ತಿರುತ್ತದೆ. ಕುತ್ತಿಗೆ ಹಿಡಿದರೆ ಒಳಗಿರುವವನಿಗೆ ಕೊನೆಯವರೆಗೂ ಎಚ್ಚರ ಇರುತ್ತದೆಯೇ? ತಾನು ಹೋಗುತ್ತಿದ್ದೇನೆ ಎಂದು ತಿಳಿಯುತ್ತದೆಯೇ?

ಅರವತ್ತು ದಾಟಿದರೂ ತೋಳು ಇನ್ನೂ ಇದೆ. ಬೇವಿನ ಮರಕ್ಕೆ ಹಗ್ಗ ಕಟ್ಟಿ ದಿನಾ ಎಳೆಯುತ್ತೇನೆ. ಈ ಪತ್ರ ಒಲೆಗೆ ಹಾಕು.

ಪಂಢರಿ

*

ಬೀದರ
೩ ಡಿಸೆಂಬರ್ ೨೦೨೩

ಮಾವನವರಿಗೆ ಜಯಭೀಮ.

ತಿಳಿಯುತ್ತದೆ.

ಇದರ ಜೊತೆ ಬದಾಮಿ ಕಳಿಸಿದ್ದೇನೆ. ನೆನೆಸಿ, ಸಿಪ್ಪೆ ತೆಗೆದು, ಹಾಲಿನಲ್ಲಿ ಅರೆದು ಕುಡಿಯಿರಿ. ಮೊಣಕಾಲಿಗೆ ಎಣ್ಣೆಯೂ ಇದೆ, ಮಲಗುವ ಮುಂಚೆ ಹಚ್ಚಿಕೊಳ್ಳಿ.

ಈ ಸಲ ಹಿಡಿದರೆ ಬಿಡಬೇಡಿ.

ಸಪನಾ

*

ಠಾಣಾ ಕುಶನೂರ
೨೪ ಜನವರಿ ೨೦೨೪

ಚಿ. ಸಪನಾಳಿಗೆ ಆಶೀರ್ವಾದ.

ಅಕ್ಷರ ನನ್ನದಲ್ಲ. ಪಕ್ಕದ ಮನೆಯ ಬಸವಣ್ಣೆಪ್ಪ ಮಾಸ್ತರರು ಬರೆಯುತ್ತಿದ್ದಾರೆ. ನನ್ನ ಬಲಗೈಗೆ ಪಟ್ಟಿ ಕಟ್ಟಿದ್ದಾರೆ, ಬೆರಳು ಮುರಿದಿವೆ. ಮಾಸ್ತರರಿಗೆ ಎಲ್ಲ ಹೇಳಿದ್ದೇನೆ, ಮುಚ್ಚುವುದಕ್ಕೆ ಇನ್ನೇನೂ ಉಳಿದಿಲ್ಲ.

ಔರಾದಿನಲ್ಲಿ ಪೇಟ ಸುತ್ತಿದರು. ನಾನು ಅಂಗಿ ಕಳಚಿ ಮಾಣಿಕನ ಕಡೆ ಕೈ ಚಾಚಿದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಭಾಲ್ಕಿಯ ಸುದ್ದಿ ಎಲ್ಲರಿಗೂ ಗೊತ್ತು. ಆಮೇಲೆ ಯಾರೋ "ಮುದುಕ ಮಾಫಿ ಕೊಟ್ಟ" ಅಂದನಂತೆ, ಸೀಟಿ ಸುರುವಾಯಿತಂತೆ. ಮಾಣಿಕ ಬಂದು ನನ್ನ ಕಾಲು ಮುಟ್ಟಿದ. ನನ್ನ ಮಗನನ್ನು ಕೊಂದ ಕೈ ನನ್ನ ಪಾದದ ಮೇಲೆ. ನಾನು ಒಂದು ಹಿಡಿ ಮಣ್ಣು ತೆಗೆದು ಅವನ ಬೆನ್ನಿಗೆ ಸವರಿದೆ.

ಅವನು ಮೆತ್ತಗೆ ಆಡಿದ, ತೋರಿಕೆಗೆ. ನಾನು ತೋರಿಕೆಗೆ ಆಡಲಿಲ್ಲ. ಎತ್ತಿ ಬಡಿದೆ. ಒಂದು ಮಗ್ಗುಲಾಗಿ ಬಿದ್ದ, ಒಂದು ಭುಜ ಮಾತ್ರ ಮಣ್ಣಿಗೆ. ಅವನು ಹೊರಳುವಷ್ಟರಲ್ಲಿ ನನ್ನ ತೋಳು ಅವನ ಕತ್ತಿನ ಸುತ್ತ ಇತ್ತು. ಬಿಗಿದೆ. ಅವನಿಗೆ ಆಗ ತಿಳಿಯಿತು. ನನ್ನ ಕಣ್ಣು ನೋಡಿದ. ನನ್ನ ತೋಳನ್ನು ಹಲ್ಲಿನಿಂದ ಕಚ್ಚಿದ, ಮಾಂಸ ಕಿತ್ತು ಬಂತು, ಆದರೂ ಬಿಗಿದೆ. ನಾಲಗೆ ಹೊರಗೆ ಬಂತು. ಕುತ್ತಿಗೆಯೊಳಗೆ ಏನೋ ಕಿರಗುಟ್ಟಿದ್ದು ನನ್ನ ಎಲುಬಿಗೆ ಕೇಳಿಸಿತು. ಮಗಳೇ, ನನಗೆ ಸಂತೋಷವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಇನ್ನೆರಡು ಉಸಿರು ಸಾಕಿತ್ತು.

ಆಗ ಅವನ ಮೈ ಸಡಿಲಾಗಿ ಎರಡನೆಯ ಭುಜ ಕೆಳಗೆ ಬಂತು. ಬೆನ್ನು ಮಣ್ಣಿಗೆ ತಾಗಿತು.

ನನ್ನ ಕೈ ತೆರೆಯಿತು.

ಮುಚ್ಚು ಎಂದೆ, ಮುಚ್ಚಲಿಲ್ಲ. ಆ ಹಾಳು ಕೈಗಳನ್ನು ನೋಡುತ್ತ ಅಖಾಡದ ನಡುವೆ ನಿಂತೆ. ಅವನು ಕೆಮ್ಮಿ, ವಾಂತಿ ಮಾಡಿ, ಎದ್ದು ಬಂದ. ನನ್ನನ್ನು ಕೆಡವಿ, ಬಲಗೈಯನ್ನು ಮಣ್ಣಿನ ಮೇಲೆ ಚಾಚಿ ಹಿಮ್ಮಡಿಯಿಂದ ತುಳಿದ. ಒಂದೊಂದೇ ಬೆರಳು. ಜನ ಅವನನ್ನು ಎಳೆಯುವವರೆಗೆ ತುಳಿದ.

ಹುಟ್ಟಿದ ಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಹುಟ್ಟಿದ್ದಲ್ಲ, ಹೊಡೆದು ಕೂರಿಸಿದ್ದು, ಅದೂ ಹೋಗಲಿಲ್ಲ. ನೀನು ಒಂದೇ ಮಾತು ಕೇಳಿದ್ದೆ, ಅದೂ ನನ್ನಿಂದ ಆಗಲಿಲ್ಲ. ಎರಡು ಸಲ ಹಿಡಿದೆ, ಎರಡು ಸಲವೂ ಬಿಟ್ಟೆ. ಈ ಮುದುಕನಿಗೆ ಇನ್ನು ಪತ್ರ ಬರೆಯಬೇಡ. ನಿನ್ನ ಬದಾಮಿ ದಂಡವಾಯಿತು.

ಪಂಢರಿ

*

ಬೀದರ
೨೯ ಜನವರಿ ೨೦೨೪

ಮಾವನವರಿಗೆ ಜಯಭೀಮ.

ಈ ಪತ್ರವನ್ನು ಬಸವಣ್ಣೆಪ್ಪ ಮಾಸ್ತರರು ಓದಿ ಹೇಳುವುದು ಬೇಡ, ನೀವೇ ಓದಿ. ಕಣ್ಣು ಚೆನ್ನಾಗಿವೆ ನಿಮ್ಮವು.

ನಾನು ಔರಾದಿಗೆ ಬಂದಿದ್ದೆ. ನಿಮಗೆ ಹೇಳಲಿಲ್ಲ. ಅವನು ಸಾಯುವುದನ್ನು ನೋಡಬೇಕಿತ್ತು. ಮೈದಾನದಲ್ಲಿ ಹೆಂಗಸರು ಇರಲಿಲ್ಲ, ಎದುರಿನ ಗೊಬ್ಬರದ ಅಂಗಡಿಯ ಮಾಳಿಗೆ ಹತ್ತಿ ನಿಂತಿದ್ದೆ. ಅಖಾಡ ಅಂಗೈಯಷ್ಟು ಸ್ಪಷ್ಟ ಕಾಣುತ್ತಿತ್ತು. ನೀವು ಬಿದ್ದ ಮೇಲೆ ಇಳಿದು ಓಡಿ ಬಂದೆ. ಅಷ್ಟರಲ್ಲಿ ನಿಮ್ಮನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದರು. ನಾನು ಸೀದಾ ಪೊಲೀಸ್ ಠಾಣೆಗೆ ಹೋಗಿ, ಅವನು ನಿಮ್ಮ ಕೈ ತುಳಿದದ್ದನ್ನು ಹೇಳಿ ಸಹಿ ಹಾಕಿ ಬಂದೆ. ಕೊಲೆಯ ಕೇಸಿನಲ್ಲಿ ನೀವು ಸಾಕ್ಷಿ, ಸಾಕ್ಷಿದಾರನ ಮೇಲೆ ಕೈ ಮಾಡಿದವನ ಜಾಮೀನು ನಿಲ್ಲುವುದು ಕಷ್ಟ ಎಂದು ವಕೀಲರು ಹೇಳುತ್ತಾರೆ. ನಿನ್ನೆ ಅವನನ್ನು ಒಳಗೆ ಹಾಕಿದ್ದಾರೆ.

ನೀವು ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತೇನೆ. ಭಾಲ್ಕಿಯಲ್ಲಿ ನೀವು ಮಾಣಿಕನನ್ನು ಬಿಟ್ಟು ಜನರ ಕಡೆ ತಿರುಗಿದಿರಿ. ಇವರು ಚೀಲ ಕೆಳಗಿಟ್ಟು ಅವನ ಹತ್ತಿರ ಹೋದರು. ಗೆದ್ದವನು ಸೋತವನನ್ನು ಎಬ್ಬಿಸುತ್ತಾನಲ್ಲ, ಹಾಗೆ ಬಗ್ಗಿ ಕೈ ಚಾಚಿದರು. "ಏಳೋ ಮಾಣ್ಯಾ, ಆತು ಬಿಡು" ಎಂದರು. ಅವನು ಎಡಗೈಯಿಂದ ಇವರ ಕೈ ಹಿಡಿದುಕೊಂಡ, ಬಲಗೈಯಿಂದ ಹೊಡೆದ. ಇದನ್ನು ಪೊಲೀಸರಿಗೆ ಹೇಳಿದ್ದೆ, ನಿಮಗೆ ಬರೆಯಲಿಲ್ಲ. ಬರೆದರೆ ನಿಮ್ಮನ್ನು ಬೈಯುವುದಕ್ಕೆ ನನಗೇನೂ ಉಳಿಯುತ್ತಿರಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗದೆ ನಿಮ್ಮ ಮೇಲೆ ಮಾಡಿಕೊಂಡೆ. ನಿಮ್ಮ ಬೆತ್ತದ ಕಥೆ ಓದಿದ ದಿನವೇ ನಂಬಿದ್ದೆ ಮಾವ. ಇವರ ಬೆರಳ ಗಂಟುಗಳನ್ನು ಮುಟ್ಟಿದವಳು ನಾನು.

ಇನ್ನೊಂದು ಮಾತು. ಔರಾದಿನಲ್ಲಿ ನೀವು ಅವನ ಕತ್ತು ಬಿಗಿದಾಗ ಅವನ ಮುಖದ ಬಣ್ಣ ತಿರುಗಿತು. ಆ ಬಣ್ಣ ನನಗೆ ಗೊತ್ತು. ಅವನ ಬಲಗಾಲು ಮಣ್ಣು ಕೆದರತೊಡಗಿತು. ಅದೂ ಗೊತ್ತು. ನಾನು ಅದಕ್ಕಾಗಿಯೇ ಬಂದವಳು, ಬದಾಮಿ ಕಳಿಸಿದವಳು. ಆದರೆ ನನ್ನ ಬಾಯಿ ತಾನೇ ತೆರೆಯಿತು. ಮಾಳಿಗೆಯ ಅಂಚಿಗೆ ಬಂದು ಗಂಟಲು ಹರಿಯುವ ಹಾಗೆ "ಬಿಡ್ರಿ ಮಾವ, ಬಿಡ್ರಿ" ಎಂದು ಚೀರಿದೆ. ಕೆಳಗಿನ ಜನವೆಲ್ಲ ತಿರುಗಿ ನೋಡಿದರು.

ಶನಿವಾರ ಔರಾದ ಬಸ್ಸಿಗೆ ಬರುತ್ತೇನೆ. ಪಟ್ಟಿ ಬಿಚ್ಚಿ ಬೆರಳು ನೋಡಬೇಕು. ಉಳಿದ ಬದಾಮಿ ಎಸೆಯಬೇಡಿ. ಎಡಗೈಯಿಂದ ಊಟ ಮಾಡಲು ನಿಮಗೆ ಬರುವುದಿಲ್ಲ, ನಾನು ತಿನ್ನಿಸುತ್ತೇನೆ.

ನನ್ನ ಕೂಗು ಈ ಸಲವೂ ನಿಮಗೆ ಕೇಳಿಸಲಿಲ್ಲ. ಕೇಳಿಸದೆಯೇ ಬಿಟ್ಟಿರಿ.

ನಿಮ್ಮ ಸೊಸೆ,
ಸಪನಾ